ಮಂಜಲೂರಿ ಬರೆದ ತಾರೀಕು

ದೋಹಾದ ಅಲ್ ಹಿಲಾಲಿನ ಒಂದು ಒಳರಸ್ತೆಯಲ್ಲಿ, ದರ್ಜಿಯ ಅಂಗಡಿಗೂ ಮೊಬೈಲ್ ರಿಪೇರಿಯವನ ಗೂಡಿಗೂ ನಡುವೆ ಮಂಗಳೂರು ಕಡೆಯ ರಿಚರ್ಡ್ ಡಿಸೋಜರ ಫ್ರೇಮಿನ ಅಂಗಡಿ ಇದೆ. ಮುಂದಿನ ಕೋಣೆಯಲ್ಲಿ ಚೌಕಟ್ಟು, ಗಾಜು, ಮೊಳೆ. ಹಿಂದಿನ ಕೋಣೆಯಲ್ಲಿ ನಶೀದಾ. ಹದಿನಾಲ್ಕು ವರ್ಷದಿಂದ ಅವಳು ಅಲ್ಲಿ ಹಳೆಯ ಕಾಗದ ರಿಪೇರಿ ಮಾಡುತ್ತಿದ್ದಾಳೆ. ಗೆದ್ದಲು ತಿಂದ ಕುರ್‌ಆನ್, ಮುತ್ತಿನ ವ್ಯಾಪಾರಿಗಳ ಕಾಗದ, ಯಾರದೋ ಅಜ್ಜನ ಪಾಸ್‌ಪೋರ್ಟು, ಮಡಿಕೆಯಲ್ಲಿ ಹರಿದ ನಕ್ಷೆ: ಯಾವುದೇ ಬರಲಿ, ಮೊದಲು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಹರಿದಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳುವಾದ ಕಾಗದ ಅಂಟಿಸಿ, ಭಾರ ಇಟ್ಟು ಒಣಗಿಸುತ್ತಾಳೆ. ಈ ಕೆಲಸ ಅವಳಿಗೆ ಬಂದದ್ದು ಅಪ್ಪನಿಂದ. ಮಂಗಳೂರು ಬಂದರಿನಲ್ಲಿ ಮದ್ರಸದ ಕಿತಾಬುಗಳಿಗೆ ರಟ್ಟು ಕಟ್ಟುತ್ತಿದ್ದ ಅಪ್ಪನಿಗೆ ಮೈದಾ ಕುದಿಸಿ ಅಂಟು ಮಾಡಿಕೊಡುತ್ತ ಬೆಳೆದವಳು. ಮದುವೆಯಾಗಿ ರಿಯಾಝ್ ಜೊತೆ ಕತಾರಿಗೆ ಬಂದ ಮೇಲೆ ಎಂಟು ವರ್ಷ ಮನೆಯಲ್ಲೇ ಇದ್ದಳು. ಒಮ್ಮೆ ಏನೋ ಫ್ರೇಮ್ ಹಾಕಿಸಲು ಬಂದವಳು ರಿಚರ್ಡ್ ಒಂದು ಹಳೆಯ ಹಾಳೆಗೆ ಸೆಲ್ಲೋಟೇಪು ಅಂಟಿಸಹೊರಟದ್ದನ್ನು ಕಂಡು, "ಅಯ್ಯೋ ಸರ್, ಹಾಗೆ ಮಾಡ್ಬೇಡಿ" ಎಂದು ಕೈ ಹಿಡಿದು ತಡೆದಳು. ಮಾರನೆಯ ವಾರದಿಂದ ಅಲ್ಲೇ ಕೆಲಸ.

ಈ ಸಲದ ರಂಜಾನಿನ ಎರಡನೇ ವಾರ ಒಬ್ಬ ಉದ್ದನೆಯ ಮುದುಕ ಅಂಗಡಿಗೆ ಬಂದ. ಹೆಸರು ಸಯೀದ್. ಮೂಲ ಯಮನಿನ ದಕ್ಷಿಣದ ಬೆಟ್ಟಸೀಮೆ, ಜುಹೈಫಿ ಎಂಬ ಬುಡಕಟ್ಟಿನವನು; ಅವರ ಮಾತಿನಲ್ಲಿ ಕಬೀಲ. ಹರೆಯದಲ್ಲಿ ದೋಹಾಕ್ಕೆ ಬಂದು, ಪೊಲೀಸ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಕಂಕುಳಲ್ಲಿ ತೊಗಲಿನ ಚೀಲ. ಅದರಲ್ಲಿ ಹತ್ತೊಂಬತ್ತು ಕಾಗದ. ಪ್ರತಿಯೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ನಂಬರು ಹಾಕಿ, ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡೇ ಬಂದಿದ್ದ.

"ಇಲ್ಲಿ ಬಿಟ್ಟು ಹೋಗುವುದಿಲ್ಲ. ದಿನಾ ತರುತ್ತೇನೆ, ದಿನಾ ಒಯ್ಯುತ್ತೇನೆ. ನೀನು ಕೆಲಸ ಮಾಡುವಾಗ ನಾನು ಇಲ್ಲೇ ಕೂತಿರುತ್ತೇನೆ" ಎಂದ.

ರಿಚರ್ಡ್ ಮುಖ ಹುಳ್ಳಗೆ ಮಾಡಿದರು. ನಶೀದಾಗೂ ಯಾರಾದರೂ ಕೈಯನ್ನೇ ನೋಡುತ್ತ ಕೂತರೆ ಕೆಲಸ ಸಾಗದು. ಆದರೂ ಒಪ್ಪಿದರು. ಸಯೀದ್ ಅವಳೆದುರು ಸ್ಟೂಲು ಎಳೆದುಕೊಂಡು, ಜಪಮಣಿ ತಿರುಗಿಸುತ್ತ, ಕಣ್ಣು ಮಾತ್ರ ಅವಳ ಬೆರಳಿನ ಮೇಲಿಟ್ಟು ಕೂತುಬಿಟ್ಟ. ಅವಳ ಮಗಳ ಹೆಸರು ನಹ್ಲಾ ಎಂದು ತಿಳಿದ ಮೇಲೆ ಅವಳನ್ನು ಅರಬರ ಪದ್ಧತಿಯಂತೆ ಉಮ್ ನಹ್ಲಾ, ನಹ್ಲಾಳ ತಾಯಿ, ಎಂದು ಕರೆಯತೊಡಗಿದ. ಅವಳು ಅವನನ್ನು ಹಾಜಿ ಎಂದಳು.

ಮೂರನೇ ದಿನಕ್ಕೆ, ಇಷ್ಟು ವರ್ಷದಲ್ಲಿ ಅವಳಿಗೆ ರೂಢಿಯಾಗಿದ್ದ ಅರಬ್ಬಿಯಲ್ಲಿ, ಮಾತು ಶುರುವಾಯಿತು. ಮೊದಲ ಕಾಗದ ಅವನ ಅಜ್ಜ ಇಂಗ್ಲಿಷರ ಜೊತೆ ಮಾಡಿಕೊಂಡ ಒಪ್ಪಂದ. ಇಂಗ್ಲಿಷರಿಗೆ ಬೇಕಾಗಿದ್ದದ್ದು ಏಡನ್ ಬಂದರು. ಅದರ ಬೆನ್ನಿಗಿದ್ದ ಬೆಟ್ಟಗಳನ್ನು ಆಳುವ ಉಸಾಬರಿ ಅವರಿಗೆ ಬೇಡವಾಗಿತ್ತು. ಆದರೆ ಇನ್ನೊಬ್ಬ ರಾಜ ಆ ಬೆಟ್ಟ ಇಳಿದು ಬರಬಾರದು, ಬಂದರಿನ ದಾರಿಯಲ್ಲಿ ಒಂಟೆಗಳು ಸುಖವಾಗಿ ಓಡಾಡಬೇಕು. ಅದಕ್ಕೆ ಒಂದೊಂದು ಕಬೀಲದ ಹಿರಿಯನ ಜೊತೆ ಬೇರೆಬೇರೆಯಾಗಿ ಒಪ್ಪಂದ. ಒಬ್ಬನಿಗೆ ತಿಂಗಳ ಗೌರವಧನ, ಇನ್ನೊಬ್ಬನಿಗೆ ಬಂದೂಕು, ಮತ್ತೊಬ್ಬ ಏಡನ್ನಿಗೆ ಬಂದರೆ ತೋಪು ಹಾರಿಸುವ ಮರ್ಯಾದೆ. ದಾರಿಯಲ್ಲಿ ಲೂಟಿಯಾದರೆ ಆ ದಾರಿಯ ಕಬೀಲವೇ ಹೊಣೆ. ಬಂದೂಕು ಒಪ್ಪಿಸಬೇಕು, ಮಕ್ಕಳನ್ನು ಒತ್ತೆ ಇಡಬೇಕು. ಒಪ್ಪದಿದ್ದರೆ ಮೊದಲು ವಿಮಾನದಿಂದ ಎಚ್ಚರಿಕೆಯ ಕಾಗದ ಬೀಳುತ್ತಿತ್ತು, ಆಮೇಲೆ ಬಾಂಬು.

"ಅವರು ನಮ್ಮನ್ನು ಆಳಲಿಲ್ಲ ಉಮ್ ನಹ್ಲಾ. ಒಬ್ಬನ ಕೈಗೆ ಬಂದೂಕು ಕೊಟ್ಟು ಇನ್ನೊಬ್ಬನ ಮುಖ ನೋಡುತ್ತ ಕೂತರು" ಎಂದ ಸಯೀದ್.

ಹನ್ನೊಂದನೇ ನಂಬರಿನ ಹಾಳೆಯನ್ನು ಅವನೇ ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟ. ಅಂಗೈ ಎರಡರಷ್ಟು ಅಗಲದ ಕಾಗದ, ನೇರಳೆ ಶಾಯಿಯಲ್ಲಿ ಅರಬ್ಬಿ. ವಿಮಾನದಿಂದ ಬಿದ್ದದ್ದು ಇದೇ. ರಂಜಾನ್ ಹಬ್ಬದ ದಿನದಿಂದ ಶುರುವಾಗುವ ಶವ್ವಾಲ್ ತಿಂಗಳ ಐದನೇ ತಾರೀಕು ಸೂರ್ಯ ಹುಟ್ಟುವ ಮುಂಚೆ ಹೆಂಗಸರು, ಮಕ್ಕಳು, ಜಾನುವಾರು ಎಲ್ಲರೂ ಊರು ಬಿಡಬೇಕು. ಆಮೇಲೆ ಬಾಂಬು ಬೀಳುತ್ತದೆ ಎಂದು ಬರೆದಿತ್ತು.

"ಆದರೆ ವಿಮಾನ ಬಂದದ್ದು ನಾಲ್ಕನೇ ತಾರೀಕಿಗೆ. ನನ್ನ ಅಜ್ಜನ ತಂಗಿ ರೊಟ್ಟಿ ತಟ್ಟುತ್ತಿದ್ದಳು. ಹನ್ನೊಂದು ಜನ ಹೋದರು."

ನಶೀದಾ ಕುಂಚ ಕೆಳಗಿಟ್ಟಳು.

ಅವನು ಮುಂದುವರಿಸಿದ. ಇಂಗ್ಲಿಷರು ಎಷ್ಟೇ ಕೆಟ್ಟವರಾದರೂ ಬರೆದುಕೊಟ್ಟ ತಾರೀಕು ತಪ್ಪುವವರಲ್ಲ ಎಂದು ಇಡೀ ಬೆಟ್ಟಸೀಮೆ ನಂಬಿತ್ತು. ತಪ್ಪಿದರೆಂದರೆ ಒಳಗಿನವರೇ ಯಾರೋ ಹೇಳಿಕೊಟ್ಟಿರಬೇಕು. ಊರಿನಲ್ಲಿ ಒಂದೇ ಒಂದು ಮನೆಯವರು ಹಿಂದಿನ ದಿನವೇ ಜಾಗ ಖಾಲಿ ಮಾಡಿದ್ದರು, ಅವನ ಅಜ್ಜಿಯ ತವರಿನವರು. ಅವರ ಮಗನೊಬ್ಬ ಕರಾವಳಿಯ ಪೇಟೆಗೆ ಒಂಟೆ ಹೊಡೆಯುತ್ತಿದ್ದ. ಹಬ್ಬ ಮುಗಿಸಿಕೊಂಡು ಬಂದವನು ಮನೆಯವರನ್ನೆಲ್ಲ ಹೊರಡಿಸಿಕೊಂಡು ಹೋದ. ಎರಡು ತಿಂಗಳ ಮೇಲೆ ದಾರಿಯ ಕಾವಲನ್ನು ಇಂಗ್ಲಿಷ್ ಅಧಿಕಾರಿ ಅದೇ ಮನೆಗೆ ಕೊಟ್ಟ, ಇಪ್ಪತ್ತು ಬಂದೂಕಿನ ಜೊತೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ತೊಂಬತ್ತು ವರ್ಷದಿಂದ ಆ ಮನೆಯ ನೀರು ಕುಡಿದಿಲ್ಲ, ಹೆಣ್ಣು ಕೊಟ್ಟಿಲ್ಲ, ತಂದಿಲ್ಲ. ಈಗ ಆ ಮನೆಯವರೂ ಕತಾರಿನಲ್ಲೇ, ಅಲ್ ವುಕೈರಿನಲ್ಲಿದ್ದಾರೆ. ಅವನ ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಆ ಮನೆಯ ಹುಡುಗನನ್ನು ನೋಡಿ, ಮದುವೆ ಆದರೆ ಅವನನ್ನೇ ಎಂದು ಕೂತಿದ್ದಾಳೆ.

"ಕಾಗದಗಳನ್ನು ಚೊಕ್ಕಟ ಮಾಡಿಸಿ ಅವಳ ಮುಂದಿಡಬೇಕು. ಓದಿಕೊಳ್ಳಲಿ, ಎಂಥವರ ಮನೆಗೆ ಹೋಗಲು ಹೊರಟಿದ್ದೇನೆ ಅಂತ" ಎಂದ. ಆಮೇಲೆ ಹಾಳೆಯ ಕೆಳತುದಿಗೆ ಬೆರಳಿಟ್ಟ. ಮಡಿಕೆಯ ಮೇಲೆ ಸಣ್ಣಕ್ಷರದಲ್ಲಿ ಒಂದು ಹೆಸರು. "ಇದೊಂದು ನನಗೆ ಬಗೆಹರಿದಿಲ್ಲ. ಬರೆದವನು ಅಹ್ಮದ್ ಮಂಜಲೂರಿ. ಎಷ್ಟು ಜನರನ್ನು ಕೇಳಿದೆ! ಮಂಜಲೂರಿ ಅಂತ ಯಾವ ಕಬೀಲವೂ ಇಲ್ಲ. ಆ ಮನೆಯವರ ಕಡೆಯವನೇ ಹೆಸರು ಬದಲಿಸಿಕೊಂಡು ಏಡನ್ ಆಫೀಸಿನಲ್ಲಿ ಕೂತಿದ್ದ ಅಂತ ನನ್ನ ಅನುಮಾನ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ರಿಚರ್ಡ್ ನಗುತ್ತ ಬಾಯಿ ತೆರೆದರು. ನಶೀದಾ ತಲೆ ಎತ್ತದೆ, ತುಳುವಿನಲ್ಲಿ, "ಪನೊಡ್ಚಿ ಸರ್" ಎಂದಳು, ಹೇಳಬೇಡಿ ಎಂದು. ರಿಚರ್ಡ್ ಬಾಯಿ ಮುಚ್ಚಿದರು. ಸಯೀದ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದ. ಜಪಮಣಿ ನಿಂತಿತ್ತು.

ಅವಳಿಗೆ ಹೆಸರು ಓದುವ ಮುಂಚೆಯೇ ಕೈಬರಹದ ಗುರುತು ಸಿಕ್ಕಿತ್ತು. ಅರಬ್ಬಿಯ ಮೀಮ್ ಅಕ್ಷರದ ಬಾಲವನ್ನು ಗಾಳದ ಹಾಗೆ ಎಡಕ್ಕೆ ಬಾಗಿಸುವ ಆ ಕೈಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಾಳೆ. ಉಳ್ಳಾಲದ ಅಜ್ಜಿಮನೆಯ ಕುರ್‌ಆನಿನ ಮೊದಲ ಪುಟದಲ್ಲಿ ಅವಳ ತಾಯಿಯೂ ಚಿಕ್ಕಮ್ಮಂದಿರೂ ಹುಟ್ಟಿದ ದಿನಗಳನ್ನು ಬರೆದಿಟ್ಟ ಕೈ ಅದು. ತಾಯಿಯ ತಂದೆ ಅಹ್ಮದ್ ಬಾವ. ಏಡನ್ ಆಗ ಹಿಂದೂಸ್ತಾನದ ಸರಕಾರದ ಕೈಕೆಳಗೇ ಇದ್ದದ್ದರಿಂದ, ಬೊಂಬಾಯಿಯಲ್ಲಿ ಇಂಗ್ಲಿಷು ಅರಬ್ಬಿ ಎರಡನ್ನೂ ಕಲಿತ ಅಜ್ಜನಿಗೆ ಅಲ್ಲಿ ಕಾಗದಪತ್ರ ಬರೆಯುವ ಮುನ್ಶಿ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಅಷ್ಟೆ. ಯಾಕೆ ಇದ್ದಕ್ಕಿದ್ದಂತೆ ಬಿಟ್ಟು ಬಂದರು ಎಂಬುದನ್ನು ಯಾರೂ ಹೇಳಿರಲಿಲ್ಲ.

ಮನೆಗೆ ಹೋಗಿ ರಿಯಾಝ್‌ಗೆ ಹೇಳಿದಳು. ರಿಯಾಝ್ ಇಂಡಸ್ಟ್ರಿಯಲ್ ಏರಿಯಾದ ಗೋದಾಮೊಂದರ ಉಸ್ತುವಾರಿ ನೋಡುವವನು. ದೊಡ್ಡವರ ತಂಟೆಗೆ ಹೋಗದೆ ಇಪ್ಪತ್ತೆರಡು ವರ್ಷ ಕಳೆದವನು.

"ಎಂತ ಮಾರಾಯ್ತಿ, ನಿನಗೆ ತಲೆ ಸರಿ ಉಂಟಾ? ಪೊಲೀಸಿನಲ್ಲಿದ್ದ ಮನುಷ್ಯ ಅವ. ನಾಳೆ ನಿನ್ನ ಮೇಲೆ ಒಂದು ಕಂಪ್ಲೇಂಟ್ ಕೊಟ್ರೆ? ಇವಳು ಕಾಗದ ಹಾಳು ಮಾಡಿದ್ಳು ಅಂದ್ರೆ? ನಹ್ಲಾಳ ಹನ್ನೆರಡನೇ ಕ್ಲಾಸ್ ಮುಗೀಲಿ ಮೊದಲು. ಕೆಲಸ ಮುಗಿಸು, ಖಲಾಸ್."

"ಅಜ್ಜ ಬೇಕಂತ ತಾರೀಕು ತಪ್ಪು ಬರೆದಿರಬಹುದಾ?"

"ನಿನ್ನಜ್ಜ ಎಂತ ಮಾಡಿದ್ರೋ ನನಗೆ ಹೇಗೆ ಗೊತ್ತಾಗ್ಬೇಕು?"

ಆ ಉತ್ತರ ಅವಳಿಗೆ ಚುಚ್ಚಿತು. ಆದರೆ ಅವಳ ಮನಸ್ಸೂ ಅದನ್ನೇ ಕೇಳುತ್ತಿತ್ತು. ಉಳ್ಳಾಲದಲ್ಲಿದ್ದ ತಾಯಿಯ ತಂಗಿ, ಎಪ್ಪತ್ತೆಂಟರ ನಫೀಸಾ ಚಿಕ್ಕಮ್ಮನಿಗೆ ಫೋನ್ ಮಾಡಿ, ಬೇರೆ ಏನೇನೋ ಮಾತಾಡಿ, ಕೊನೆಗೆ ಅಜ್ಜನ ಏಡನ್ ವಿಷಯ ಎತ್ತಿದಳು.

"ಅಪ್ಪ ಏಡನ್ನಿನ ಹೆಸರು ತೆಗೆದ್ರೆ ಎದ್ದು ಹೋಗ್ತಿದ್ರು" ಎಂದರು ಚಿಕ್ಕಮ್ಮ. "ಒಂದು ಮಾತ್ರ ನೆನಪುಂಟು. ರಂಜಾನಿನ ಪೆರ್ನಾಲಿಂದ ನಾಲ್ಕನೇ ದಿನ ಬಂತು ಅಂದ್ರೆ ಕೋಣೆ ಬಾಗಿಲು ಹಾಕಿಕೊಂಡು ಕೂರ್ತಿದ್ರು. ಎರಡು ದಿನ. ಉಮ್ಮ ಗಂಜಿ ಕೊಟ್ರೂ ಬೇಡ. ಯಾಕೆ ಕೇಳ್ತಿ?"

"ಸುಮ್ನೆ ಚಿಕ್ಕಮ್ಮ."

ಸುಮ್ಮನೆ ಅಲ್ಲ ಎಂದು ಚಿಕ್ಕಮ್ಮನಿಗೂ ಗೊತ್ತಾಗಿರಬೇಕು.

ಅಂದಿನಿಂದ ನಶೀದಾಗೆ ಅಜ್ಜನ ಮೇಲೆ ಸಂಶಯ ಬೇರು ಬಿಟ್ಟಿತು. ತಪ್ಪು ಮಾಡದವನು ಯಾಕೆ ಬಾಗಿಲು ಹಾಕಿಕೊಳ್ಳುತ್ತಾನೆ? ಹನ್ನೊಂದನೇ ಹಾಳೆಯ ಸರದಿ ಬಂದಾಗ ಅದನ್ನು ಗಾಜಿನ ಮೇಲೆ ಹರಡಿ, ಕುಂಚ ಅದ್ದಿದಳು. ನೇರಳೆ ಶಾಯಿಯ ಗುಣ ಅವಳಿಗೆ ಗೊತ್ತು. ಒಂದು ಹನಿ ನೀರು ಹೆಚ್ಚಾದರೆ ಸಾಕು, ಅಕ್ಷರ ಕರಗಿ ಬಣ್ಣದ ಮಚ್ಚೆಯಾಗುತ್ತದೆ. ಹೆಸರು ಇದ್ದದ್ದು ಸರಿಯಾಗಿ ಮಡಿಕೆಯ ಮೇಲೆ, ಕಾಗದ ಪುಡಿಯಾಗುತ್ತಿದ್ದ ಜಾಗದಲ್ಲಿ. ಅಲ್ಲಿ ಹಾಳಾದರೆ ಕೆಲಸದ ತಪ್ಪು ಎಂದು ಯಾರೂ ಹೇಳಲಾರರು. ಕುಂಚ ಹೆಸರಿನ ಮೇಲೆ, ಕೂದಲೆಳೆ ದೂರದಲ್ಲಿ ನಿಂತಿತು. ಅಪ್ಪ ಹೇಳಿಕೊಟ್ಟ ಕೈ ಅದು, ಹಾಗೆ ಮಾಡಲು ಒಪ್ಪಲಿಲ್ಲ. ಹಿಂದಕ್ಕೆ ತೆಗೆದಳು.

"ಯಾಕೆ ನಿಲ್ಲಿಸಿದೆ?" ಎಂದ ಸಯೀದ್.

"ಶಾಯಿ ಕರಗುತ್ತದೆ ಹಾಜಿ. ಇದಕ್ಕೆ ಒಣ ರಿಪೇರಿಯೇ ಆಗಬೇಕು."

"ನಿನ್ನ ಕುಂಚ ಆ ಹೆಸರಿನ ಮೇಲೆ ನಿಂತಿತು. ಹತ್ತು ಕಾಗದಕ್ಕೆ ನಿಲ್ಲದ ಕುಂಚ." ಅವನು ಎದ್ದು, ಹಾಳೆಯನ್ನು ಅವಳ ಮುಂದಿನಿಂದ ತೆಗೆದುಕೊಂಡ. "ಅವತ್ತು ನಿನ್ನ ಯಜಮಾನನಿಗೆ ಏನೋ ಹೇಳಿದೆ. ನನಗೆ ಭಾಷೆ ಬರದು, ಕಣ್ಣು ಉಂಟು. ನೀನು ಏನೋ ಮುಚ್ಚಿಡುತ್ತಿದ್ದೀಯ. ಆ ಮನೆಯವರು ನಿನ್ನ ಹತ್ತಿರ ಬಂದಿದ್ದರಾ?"

"ವಲ್ಲಾಹಿ, ಯಾರೂ ಬಂದಿಲ್ಲ."

"ಹಬ್ಬ ಕಳೆದ ಮೇಲೆ ಬರುತ್ತೇನೆ. ಬರುವುದಾದರೆ" ಎಂದು ಚೀಲ ಮುಚ್ಚಿ ಹೊರಟ. ರಿಚರ್ಡ್ ಒಳಗೆ ಬಂದು, "ನಶೀದಾ, ಎಂತ ವಿಷಯ ಅಂತ ನನಗಾದ್ರೂ ಹೇಳಿ. ನಾಳೆ ಅಂಗಡಿ ಮೇಲೆ ಬರಬಾರದಲ್ಲ" ಎಂದರು. ಅವರ ದನಿಯಲ್ಲೂ ಅದೇ ಅನುಮಾನ. ಅವಳು ಕುಂಚ ತೊಳೆಯಲು ಎದ್ದಳು.

ದೋಹಾದಲ್ಲಿ ಹಬ್ಬವಾಯಿತು. ನಮಾಜು ಮುಗಿಸಿ ಬಂದು, ಬಿರಿಯಾನಿಗೆ ದಮ್ ಹಾಕಿ, ನಶೀದಾ ಊರಿಗೆ ಫೋನ್ ಮಾಡಿ ಹಬ್ಬದ ಸಲಾಂ ಹೇಳಿದಳು.

"ನಮಗೆಲ್ಲಿ ಇವತ್ತು?" ನಫೀಸಾ ಚಿಕ್ಕಮ್ಮ ನಕ್ಕರು. "ಇಲ್ಲಿ ನಿನ್ನೆ ಮೋಡ, ಚಂದ್ರ ಕಾಣಲೇ ಇಲ್ಲ. ನಮ್ಮದು ನಾಳೆ ಪೆರ್ನಾಲ್. ನಾನು ಇನ್ನೂ ಉಪವಾಸದಲ್ಲಿದ್ದೇನೆ, ನೀನು ಬಿರಿಯಾನಿ ವಿಷಯ ಎತ್ತಬೇಡ."

ಪ್ರತಿ ವರ್ಷ ಹೀಗೆಯೇ ಆಡಿಕೊಳ್ಳುವ ಮಾತು. ನಶೀದಾ ನಕ್ಕು, ಫೋನ್ ಇಟ್ಟು, ಒಲೆಯ ಕಡೆ ತಿರುಗಿದವಳು ಅಲ್ಲೇ ನಿಂತಳು. ಇಲ್ಲಿ ಇವತ್ತು ಶವ್ವಾಲ್ ಒಂದು. ಅಲ್ಲಿ ಶವ್ವಾಲ್ ಒಂದು ನಾಳೆ. ಹಾಗಾದರೆ ಇಲ್ಲಿಯ ಐದು ಅಲ್ಲಿಯ ನಾಲ್ಕು.

ಮೊದಲ ದಿನ ಹತ್ತೊಂಬತ್ತನ್ನೂ ಬಿಡಿಸಿ ನೋಡಿದಾಗ ಕಂಡ ಇನ್ನೊಂದು ಕಾಗದ ನೆನಪಾಗಿ, ಸಯೀದನಿಗೆ ತಾನೇ ಫೋನ್ ಮಾಡಿದಳು. "ಹಾಜಿ, ಹದಿನಾಲ್ಕನೇ ಕಾಗದದ ಫೋಟೊ ನೋಡಿ. ಬಾಂಬು ಬಿದ್ದ ಮೇಲೆ ನಿಮ್ಮಜ್ಜನನ್ನು ಏಡನ್ನಿಗೆ ಬರಹೇಳಿದ ಕಾಗದ. ಅದರ ತಲೆಯಲ್ಲಿ ಏನು ಬರೆದಿದೆ, ವಾರ ಸಮೇತ ಓದಿ."

"ಶನಿವಾರ, ಶವ್ವಾಲ್ ಹನ್ನೆರಡು. ಯಾಕೆ?"

"ವಿಮಾನ ಬಂದದ್ದು ಯಾವ ವಾರ?"

"ಶನಿವಾರ. ನಮ್ಮಲ್ಲಿ ಮಕ್ಕಳಿಗೂ ಗೊತ್ತು."

"ನಾಳೆ ಅಂಗಡಿಗೆ ಬನ್ನಿ. ಎದುರಿಗೇ ಹೇಳಬೇಕು."

ಅಂಗಡಿಗೆ ಹಬ್ಬದ ರಜೆ. ನಶೀದಾ ರಿಚರ್ಡರನ್ನು ಕೇಳಿ ಬಾಗಿಲು ತೆಗೆಸಿದಳು. ಸಯೀದ್ ಬಂದು ಕೂತ. ಅವಳು ಒಂದು ಬಿಳಿ ಹಾಳೆಯ ಮೇಲೆ ಎರಡು ಸಾಲು ಗೀಚಿದಳು.

"ಏಡನ್ ಆಫೀಸಿಗೆ ಹನ್ನೆರಡು ಶನಿವಾರವಾದರೆ ಐದೂ ಶನಿವಾರವೇ. ಅವರು ಹೇಳಿದ ದಿನವೇ ಬಂದರು. ಆಫೀಸಿನಲ್ಲಿ ಅಚ್ಚಾದ ಪಂಚಾಂಗ ನೋಡಿ ತಾರೀಕು ಹಾಕುತ್ತಿದ್ದರು. ನಿಮ್ಮ ಬೆಟ್ಟದಲ್ಲಿ ಚಂದ್ರನನ್ನು ಕಣ್ಣಿಂದ ನೋಡಿ. ಆ ವರ್ಷ ನಿಮ್ಮಲ್ಲಿ ಹಬ್ಬ ಒಂದು ದಿನ ತಡವಾಗಿತ್ತು. ನಿಮ್ಮ ಲೆಕ್ಕದ ಐದು ಭಾನುವಾರ. ಒಂಟೆ ಹೊಡೆಯುತ್ತಿದ್ದ ಹುಡುಗ ಹಬ್ಬ ಮಾಡಿದ್ದು ಪೇಟೆಯಲ್ಲಿ. ಪೇಟೆಯ ತಾರೀಕಿನಂತೆ ಮನೆಯವರನ್ನು ಹೊರಡಿಸಿದ. ಊರಿನ ಉಳಿದವರು ಇನ್ನೂ ಒಂದು ದಿನ ಇದೆ ಅಂದುಕೊಂಡರು. ಯಾರೂ ಯಾರಿಗೂ ಹೇಳಿಕೊಟ್ಟಿಲ್ಲ ಹಾಜಿ."

ಸಯೀದ್ ಆ ಎರಡು ಸಾಲುಗಳ ಮೇಲೆ ಬೆರಳಾಡಿಸಿದ. ಆಮೇಲೆ, "ಬಂದೂಕು?" ಎಂದ.

"ಹೇಳಿದ ದಿನ ಊರು ಬಿಟ್ಟದ್ದು ಅದೊಂದೇ ಮನೆ. ಮಾತು ಕೇಳುವವರು ಅಂತ ಅವರಿಗೆ ಕಾವಲು ಕೊಟ್ಟರು. ನೀವೇ ಹೇಳಿದಿರಲ್ಲ, ಒಬ್ಬನ ಕೈಗೆ ಕೊಟ್ಟು ಇನ್ನೊಬ್ಬನ ಮುಖ ನೋಡುವವರು ಅಂತ."

"ಒಂದು ವಾರದ ಹೆಸರು" ಎಂದ ಅವನು ನಿಧಾನವಾಗಿ. "ಬೇರೆ ಎಲ್ಲ ಕಾಗದದಲ್ಲೂ ವಾರ ಇದೆ. ಇದರಲ್ಲಿ ಮಾತ್ರ ಇಲ್ಲ. ಶನಿವಾರ ಅಂತ ಬರೆದಿದ್ದರೆ ಹನ್ನೊಂದು ಜನ ಬದುಕುತ್ತಿದ್ದರು. ಯಾಕೆ ಬರೆಯಲಿಲ್ಲ, ಈ ಮಂಜಲೂರಿ?"

ಈಗ ಸುಮ್ಮನಿದ್ದರೆ ಅವನಿಗೆ ಎಂದೂ ಗೊತ್ತಾಗುವುದಿಲ್ಲ. ಮೊಮ್ಮಗಳ ಮದುವೆಗೂ ಅಡ್ಡಿಯಿಲ್ಲ. ನಶೀದಾ ಇದನ್ನೆಲ್ಲ ಹಿಂದಿನ ದಿನವಿಡೀ ಯೋಚಿಸಿದ್ದಳು. ಆದರೂ ಬಾಯಿಂದ ಬೇರೆಯೇ ಬಂತು.

"ಮಂಜಲೂರಿ ಕಬೀಲ ಅಲ್ಲ ಹಾಜಿ, ಊರು. ನಮ್ಮೂರು, ಮಂಗಳೂರು. ಅದನ್ನು ಬರೆದವರು ನನ್ನ ತಾಯಿಯ ತಂದೆ."

ಸಯೀದನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಮೂವತ್ತು ವರ್ಷ ಕಳ್ಳರನ್ನು ಕೂರಿಸಿ ಪ್ರಶ್ನೆ ಕೇಳಿದವನ ಮುಖ ಅದು.

"ಬೇಕಂತಲೇ ಬಿಟ್ಟನಾ?"

"ಗೊತ್ತಿಲ್ಲ. ಆಫೀಸಿನ ಸಾಹೇಬ ವಾರದ ಹೆಸರನ್ನು ತೆಗೆಸಿರಬಹುದು. ಅಜ್ಜ ಮರೆತಿರಬಹುದು. ಆ ಕೆಲಸ ಬಿಟ್ಟು ಬಂದ ಮೇಲೆ ಪ್ರತಿ ವರ್ಷ ಆ ಎರಡು ದಿನ ಊಟ ಬಿಡುತ್ತಿದ್ದರಂತೆ. ಅಷ್ಟೇ ನನಗೆ ಗೊತ್ತು."

"ಎರಡು ವಾರ ನನ್ನೆದುರು ಕೂತು ಸುಮ್ಮನಿದ್ದೆ ನೀನು."

"ಹೌದು. ಹೆದರಿದ್ದೆ."

"ನಿನ್ನಜ್ಜನೂ ಹೀಗೇ ಸುಮ್ಮನಿದ್ದಿರಬೇಕು" ಎಂದು ಹೇಳಿ, ಕಾಗದಗಳನ್ನು ನಂಬರಿನ ಪ್ರಕಾರ ಜೋಡಿಸಿಕೊಂಡು ಹೊರಟುಹೋದ.

ಆಮೇಲಿನ ಒಂದು ತಿಂಗಳು ನಶೀದಾಗೆ ಕಷ್ಟದ್ದು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತದೆ ಬಿಡುತ್ತಿದ್ದಳು. ಅಂಗಡಿಯ ಮುಂದೆ ಬಿಳಿ ಲ್ಯಾಂಡ್ ಕ್ರೂಸರ್ ನಿಂತರೆ ರಿಚರ್ಡ್ ಎದ್ದು ಕಿಟಕಿಗೆ ಹೋಗುತ್ತಿದ್ದರು. ರಿಯಾಝ್ "ನಾನು ಮೊದಲೇ ಹೇಳಿದ್ದೆ" ಎನ್ನಲಿಲ್ಲ. ಅನ್ನದೆ ಇದ್ದದ್ದೇ ಅವಳಿಗೆ ಹೆಚ್ಚು ಭಾರವಾಯಿತು.

ಒಂದು ಮಧ್ಯಾಹ್ನ ಬಂದದ್ದು ಸಯೀದನ ಮೊಮ್ಮಗಳು. ಇಪ್ಪತ್ತಮೂರರ ಹುಡುಗಿ, ಕಂಕುಳಲ್ಲಿ ಅದೇ ತೊಗಲಿನ ಚೀಲ. ಹಾಳೆ ಒಂದೇ, ಹನ್ನೊಂದನೆಯದು.

"ಅಜ್ಜ ಅಲ್ ವುಕೈರಿಗೆ ಹೋಗಿದ್ದರು" ಎಂದಳು. "ಆ ಮನೆಯಲ್ಲಿ ನೆಲದ ಮೇಲೆ ಎರಡು ಕಾಗದ ಇಟ್ಟು, ಓದಿ ಎಂದರಂತೆ. ಆ ಮನೆಯ ಹಿರಿಯರು ಓದಿ ಅತ್ತರಂತೆ. ಅಜ್ಜ ಅಳಲಿಲ್ಲ, ಆದರೆ ಅವರ ಮನೆಯ ಕಾಫಿ ಕುಡಿದು ಬಂದರು. ಹಜ್ ಹಬ್ಬ ಕಳೆದು ನಮ್ಮ ನಿಕಾಹ್." ಹುಡುಗಿ ಹಾಳೆಯನ್ನು ಮೇಜಿನ ಮೇಲಿಟ್ಟು, "ಇದನ್ನು ನೀವೇ ರಿಪೇರಿ ಮಾಡಬೇಕಂತೆ. ಆದರೆ ನಾನು ಕಣ್ಣು ತೆಗೆಯದೆ ಕೂತಿರಬೇಕಂತೆ. ಬೇಜಾರು ಮಾಡಿಕೊಳ್ಳಬೇಡಿ."

ನಶೀದಾ ಸ್ಟೂಲು ಕೊಟ್ಟಳು. ನೀರು ಮುಟ್ಟಿಸದೆ, ಒಣ ಕಾಗದದ ಪಟ್ಟಿಯನ್ನು ಬಿಸಿಯಿಂದ ಕೂರಿಸಿ, ಮಡಿಕೆಯನ್ನು ಹಿಡಿದು ನಿಲ್ಲಿಸಿದಳು. ಹೆಸರು ಒಂದು ಚುಕ್ಕೆಯೂ ಅಳಿಯದೆ ಉಳಿಯಿತು. ಹುಡುಗಿ ಹಾಳೆಯನ್ನು ದೀಪಕ್ಕೆ ಹಿಡಿದು, ಎರಡೂ ಬದಿ ನೋಡಿ, ಮೊಬೈಲಿನ ಫೋಟೊದ ಜೊತೆ ಹೋಲಿಸಿ, ಚೀಲಕ್ಕೆ ಹಾಕಿಕೊಂಡಳು.

ಅಂದು ಸಂಜೆ ನಶೀದಾ ಚಿಕ್ಕಮ್ಮನಿಗೆ ಎಲ್ಲವನ್ನೂ ಹೇಳಿದಳು. "ಅಪ್ಪ ಒಳ್ಳೆಯವರೇ ಅಂತ ನಾನು ಹೇಳಿದ್ರೆ ನೀನು ನಂಬ್ತಿಯಾ?" ಎಂದು ಕೇಳಿದರು ಚಿಕ್ಕಮ್ಮ. "ಗೊತ್ತಾಗುದಿಲ್ಲ ಚಿಕ್ಕಮ್ಮ" ಎಂದಳು ನಶೀದಾ. "ನನಗೂ ಈಗ ಗೊತ್ತಾಗುದಿಲ್ಲ" ಎಂದರು ಚಿಕ್ಕಮ್ಮ. "ಆ ಸತ್ತವರ ಹೆಸರು ಕೇಳಿ ಕೊಡು. ಅಪ್ಪನಿಗೆ ದುಆ ಮಾಡುವಾಗ ಅವರನ್ನೂ ಹೇಳ್ತೇನೆ."

ಕೇಳಲು ನಶೀದಾಗೆ ನಾಲ್ಕು ದಿನ ಧೈರ್ಯ ಬರಲಿಲ್ಲ. ಕೊನೆಗೆ ಹುಡುಗಿಗೆ ಮೆಸೇಜು ಹಾಕಿದಳು. ಉತ್ತರ ಬಂದದ್ದು ಸಯೀದನಿಂದ, ಫೋನಿನಲ್ಲಿ.

"ಹೆಸರು ಯಾಕೆ ಬೇಕು? ಯಾರು ಕೇಳಿದರು?"

ಅವಳು ಹೇಳಿದಳು. ಅತ್ತ ಕಡೆ ಜಪಮಣಿಯ ಸದ್ದು. ಆಮೇಲೆ ಅವನು ಒಂದೊಂದಾಗಿ ಹೇಳಿದ; ಅಪ್ಪನ ಹೆಸರು, ವಯಸ್ಸು ಸಮೇತ. ಅವಳು ಬರೆದುಕೊಂಡಳು. ಹತ್ತಕ್ಕೆ ನಿಲ್ಲಿಸಿದ.

"ಇನ್ನೊಬ್ಬರು, ಹಾಜಿ?"

"ಅದು ನನ್ನಜ್ಜನ ತಂಗಿ. ಆ ಹೆಸರನ್ನು ನಿಮ್ಮ ಮನೆಗೆ ಕೊಡಲು ನನಗೆ ಇನ್ನೂ ಮನಸ್ಸು ಬಂದಿಲ್ಲ ಉಮ್ ನಹ್ಲಾ" ಎಂದ ಸಯೀದ್. ದನಿಯಲ್ಲಿ ಸಿಟ್ಟಿರಲಿಲ್ಲ.

ನಶೀದಾ ಹತ್ತು ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಫೋಟೊ ತೆಗೆದು ಊರಿಗೆ ಕಳಿಸಿದಳು. ಚಿಕ್ಕಮ್ಮನ ಕಣ್ಣಿಗೆ ಸಣ್ಣಕ್ಷರ ಕಾಣುವುದಿಲ್ಲ.